ತೆರೆಯ ಕಾಳಗ, ಅಟ್ಟದ ಕುಣಿತ

1973ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ತಯಾರಿಸಿದ ‘ಫೈವ್ ಫಿಂಗರ್ಸ್ ಆಫ್ ಡೆತ್’ ಅಮೆರಿಕದಲ್ಲಿ ಬಿಡುಗಡೆಯಾಯಿತು. ಆಗಸ್ಟ್‌ನಲ್ಲಿ ‘ಎಂಟರ್ ದಿ ಡ್ರ್ಯಾಗನ್’ ಬಂತು. ಅದರ ನಾಯಕ ಬ್ರೂಸ್ ಲೀ ಜುಲೈ 20ರಂದೇ, 32ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದ. ದೊಡ್ಡ ನಗರಗಳ ಬಡ ಬಡಾವಣೆಗಳಲ್ಲಿ, ಮುಖ್ಯವಾಗಿ ಕಪ್ಪು ಜನರಿದ್ದ ಕಡೆ, ಇಂಥ ಚಿತ್ರಗಳಿಗೆ ಟಾಕೀಸುಗಳು ತುಂಬಿದವು. ತುಟಿಗೆ ಹೊಂದದ ಡಬ್ಬಿಂಗನ್ನು ಆ ಪ್ರೇಕ್ಷಕರು ಲೆಕ್ಕಕ್ಕೇ ಇಡಲಿಲ್ಲ. ಬಿಳಿಯನಲ್ಲದ ಒಬ್ಬ ಮನುಷ್ಯ ಬರಿಗೈಯಲ್ಲಿ ದಬ್ಬಾಳಿಕೆಗೆ ಎದುರು ನಿಲ್ಲುವುದು ಅವರಿಗೆ ತಮ್ಮದೇ ಓಣಿಯ ಕಥೆ. ಇಪ್ಪತ್ತು ವರ್ಷಗಳ ಮೇಲೂ ಆ ಮೋಹ ಉಳಿದಿತ್ತು: 1993ರಲ್ಲಿ ಮೊದಲ ಆಲ್ಬಮ್ ತಂದ ನ್ಯೂಯಾರ್ಕಿನ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಹಿಪ್‌ಹಾಪ್ ತಂಡ ತನ್ನ ಹೆಸರನ್ನೂ ಆ ಆಲ್ಬಮ್ಮಿನ ಹೆಸರನ್ನೂ ಇದೇ ಕುಂಗ್‌ಫು ಚಿತ್ರಗಳಿಂದ ಪಡೆಯಿತು.

2000ರ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಗೆದ್ದದ್ದು ಬೇರೆಯದೇ ಪ್ರೇಕ್ಷಕರನ್ನು. ಸಬ್‌ಟೈಟಲ್ ಓದಿಕೊಂಡು ನೋಡಿದವರಿಂದಲೇ ಅದು ಅಮೆರಿಕದಲ್ಲಿ ಸುಮಾರು 12.8 ಕೋಟಿ ಡಾಲರ್ ಗಳಿಸಿ, ನಾಲ್ಕು ಆಸ್ಕರ್ ಪಡೆಯಿತು. ಬಿದಿರ ತುದಿಯ ಮೇಲಿನ ಕತ್ತಿವರಸೆಯನ್ನು ಅಲ್ಲಿನ ವಿಮರ್ಶಕರು ಬ್ಯಾಲೆಗೆ ಹೋಲಿಸಿದರು. ಚೀನೀ ಪ್ರೇಕ್ಷಕರಲ್ಲಿ ಹಲವರು ನಟರ ಮ್ಯಾಂಡರಿನ್ ಉಚ್ಚಾರಣೆಯನ್ನೇ ಆಡಿಕೊಂಡರು.

ಬ್ಯಾಲೆ ಎಂದವರು ಪೂರ್ತಿ ತಪ್ಪಿರಲಿಲ್ಲ, ತವರನ್ನಷ್ಟೇ ತಪ್ಪು ಹಿಡಿದರು. ಈ ಕಾಳಗದ ಒಂದು ದೊಡ್ಡ ಬೇರು ಪೀಕಿಂಗ್ ಒಪೆರಾದಲ್ಲಿದೆ. ಜಾಕಿ ಚಾನ್, ಸ್ಯಾಮೊ ಹಂಗ್ ಇಬ್ಬರೂ ಹಾಂಗ್‌ಕಾಂಗ್‌ನ ಒಂದೇ ಒಪೆರಾ ಶಾಲೆಯಲ್ಲಿ ಪಳಗಿದವರು. ಆ ರಂಗದಲ್ಲಿ ಯುದ್ಧವೆಂದರೆ ಜಾಗಟೆ, ತಾಳ, ನಗಾರಿಯ ಪೆಟ್ಟಿಗೆ ಹೊಂದಿ ಬೀಳುವ ಹೆಜ್ಜೆ.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ದೊಡ್ಡಾಟ. ವಿಜಯಪುರ ಸೀಮೆಯ ಪ್ರೇಕ್ಷಕನಿಗೆ ಕಾಳಗ ನೋಡಲು ಎರಡು ಕಣ್ಣುಗಳಿವೆ ಎಂಬುದು ನನ್ನ ವಾದ. ಒಂದು ಗರಡಿಮನೆಯ ಕಣ್ಣು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಕುಸ್ತಿಯಲ್ಲಿ, ಸಂಗ್ರಾಣಿ ಕಲ್ಲು ಎತ್ತುವಲ್ಲಿ ಅದು ಪಳಗಿದೆ. ಪಟ್ಟು ನಿಜವೇ, ಬೆನ್ನು ಮಣ್ಣು ಮುಟ್ಟಿತೇ ಎಂದು ಕೇಳುತ್ತದೆ. ಇನ್ನೊಂದು ಅಟ್ಟದ ಕೆಳಗೆ ಬೆಳಗಿನವರೆಗೆ ಎಚ್ಚರಿದ್ದ ಕಣ್ಣು. ಕಿರೀಟ, ಭುಜಕೀರ್ತಿ ಹೊತ್ತ ಕೌರವನ ಯುದ್ಧವನ್ನು ಮದ್ದಲೆಯ ಗತ್ತಿನಲ್ಲೇ ಅಳೆಯುವ ಕಣ್ಣದು. ಬಬಲೇಶ್ವರದ ಕಡೆಯ ಒಬ್ಬ ಹಿರಿಯರನ್ನು ಆ ಬಿದಿರುವನದ ಎದುರು ಕೂರಿಸಿದರೆ ಹಾರಾಟ ಅವರನ್ನು ಬೆರಗುಗೊಳಿಸದು. ತಾಳ ತಪ್ಪಿತೇ ಎಂದಷ್ಟೇ ನೋಡಿಯಾರು.

ಕನ್ನಡ ಸಿನಿಮಾ ಈ ಎರಡನೆಯ ಕಣ್ಣನ್ನು ನೆಚ್ಚಲಿಲ್ಲ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಕುರೊಸಾವಾನ ಸಮುರಾಯ್ ಚಿತ್ರಗಳಿಗೆ ಋಣಿ. ಅದರ ಗಂಡುಗಲಿಯ ಪಾತ್ರಕ್ಕೆ ಶಂಕರನಾಗ್ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿಕೊಂಡರು. ಕತ್ತಿಯ ಭಾರ, ಮೈಯ ದಣಿವು ಅಲ್ಲಿ ಕಾಣುವಷ್ಟು ಚೆನ್ನಾಗಿ ಕನ್ನಡದಲ್ಲಿ ಬೇರೆಲ್ಲೂ ಕಂಡಿಲ್ಲ. ಆದರೆ ಆ ಕಾಳಗ ನೆಲ ಬಿಡುವುದಿಲ್ಲ, ಕುಣಿಯುವುದಿಲ್ಲ. ಹಾಂಗ್‌ಕಾಂಗ್ ತನ್ನ ರಂಗವನ್ನು ಕ್ಯಾಮೆರಾದ ಮುಂದೆ ತಂದಂತೆ ನಾವು ಅಟ್ಟವನ್ನು ತರಲೇ ಇಲ್ಲ. ಇದು ದೊಡ್ಡ ನಷ್ಟ.

ತಿಕೋಟಾ, ಬಬಲೇಶ್ವರದ ಸುತ್ತಿನ ಊರುಗಳಲ್ಲಿ ದೊಡ್ಡಾಟದ ವೇಷ ಕಟ್ಟಿದ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಈ ಸುಗ್ಗಿಯೊಳಗೆ ಅವರ ಕಾಳಗದ ಹೆಜ್ಜೆಗಳನ್ನು ಮದ್ದಲೆಯ ಸಮೇತ ಮೊಬೈಲಿನಲ್ಲಾದರೂ ಚಿತ್ರಿಸಿಟ್ಟುಕೊಳ್ಳಿ.