ತುಪ್ಪಳ ಮತ್ತು ಪೀಠ: ಕಿರುಬೊಂಬೆಯ ಶಿಲ್ಪಚರಿತ್ರೆ

ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟೇ ಎತ್ತರವಿರುವ ಲೋಹದ ಬೊಂಬೆಯ ಮೈಮೇಲೆ ಮೃಗದ ತುಪ್ಪಳವನ್ನು ಮೂಡಿಸುವುದು ಮತ್ತು ಆ ಬೊಂಬೆ ನಿಲ್ಲಬೇಕಾದ ನೆಲವನ್ನು ಅಂಗುಲದಗಲದ ಪೀಠದಲ್ಲಿ ಯೋಜಿಸುವುದು, ಈ ಎರಡೂ ಕೆಲಸಗಳು ಕಳೆದ ಐದು ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಒಂದು ಪ್ರತ್ಯೇಕ ಕಸುಬಾಗಿ ಬೆಳೆದವು. ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ, ಅದರಲ್ಲೂ ರಾಕ್ಷಸರು, ಕುಬ್ಜರು ಮತ್ತು ಮನುಷ್ಯದೇಹದ ಮೇಲೆ ಮೃಗದ ತಲೆ ಹೊತ್ತ ಜೀವಿಗಳು ತುಂಬಿದ ಕಲ್ಪನಾಲೋಕದ ಆಟಗಳಿಗೆ ಬೇಕಾದ ಈ ಬೊಂಬೆಗಳಲ್ಲಿ ಮನುಷ್ಯನ ಎತ್ತರ ಸುಮಾರು 28 ಮಿಲಿಮೀಟರ್, ಅಂದರೆ ನಿಜದ ಅಳತೆಯ ಅರವತ್ತನೆಯ ಒಂದು ಪಾಲು. ಕೂದಲಿನ ಒಂದು ಎಳೆಯನ್ನು ಇದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಅದರ ದಪ್ಪ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟಾಗುತ್ತದೆ. ಅದನ್ನು ಯಾವ ಕೈಯೂ ಕೆತ್ತಲಾರದು, ಯಾವ ಕಣ್ಣೂ ಕಾಣಲಾರದು. ಹೀಗಾಗಿ ಕಿರುಬೊಂಬೆಯ ತುಪ್ಪಳ ಯಾವ ಕಾಲದಲ್ಲೂ ನೋಡುವವನು ಒಪ್ಪಿಕೊಂಡ ಒಂದು ಸಂಕೇತವೇ ಆಗಿತ್ತು. ಆ ಸಂಕೇತದ ರೂಪವನ್ನು ನಿರ್ಧರಿಸುವುದರಲ್ಲಿ ಶಿಲ್ಪಿಯ ಕಣ್ಣಿಗಿಂತ ಅವನ ಕೈಗೆ ಸಿಕ್ಕ ದ್ರವ್ಯಕ್ಕೂ ಆ ದ್ರವ್ಯವನ್ನು ಎರಕಕ್ಕೆ ಒಯ್ಯುವ ಅಚ್ಚಿಗೂ ಹೆಚ್ಚಿನ ಪಾಲಿತ್ತೆಂಬುದನ್ನು ಈ ಕಸುಬಿನ ಚರಿತ್ರೆ ತೋರಿಸುತ್ತದೆ.

ಕೂದಲನ್ನು ಸಂಕೇತವಾಗಿ ಕಾಣುವ ಕ್ರಮ ಹಳೆಯದು. ಬೇಲೂರಿನ ಹೊಯ್ಸಳ ಲಾಂಛನದ ಸಿಂಹದ ಕೇಸರವನ್ನು ನೋಡಿದವರಿಗೆ ಅದು ಸಾಲುಸಾಲಾಗಿ ಜೋಡಿಸಿದ ಸುರುಳಿಗಳೆಂಬುದು ಗೊತ್ತು. ಬಳಪದ ಕಲ್ಲಿನ ಮೃದುತ್ವ ಅಂಥ ಸುರುಳಿಗೆ ಅವಕಾಶ ಕೊಟ್ಟಿತು. ಅಳತೆಯಲ್ಲಿ ಇಂದಿನ ಕಿರುಬೊಂಬೆಗೆ ಹೆಚ್ಚು ಹತ್ತಿರವಾದದ್ದು ಜಪಾನಿನ ನೆಟ್ಸುಕೆ. ಜೇಬಿಲ್ಲದ ಕಿಮೋನೊ ಉಡುಪಿನಲ್ಲಿ ಹೊಗೆಸೊಪ್ಪಿನ ಸಂಚಿಯನ್ನೋ ಔಷಧಿಯ ಡಬ್ಬಿಯನ್ನೋ ನಡುಪಟ್ಟಿಗೆ ತೂಗುಹಾಕುವಾಗ ದಾರದ ತುದಿ ಜಾರದಂತೆ ತಡೆಯುತ್ತಿದ್ದ ದಂತದ ಅಥವಾ ಮರದ ಗುಂಡಿಗೆ ಈ ಹೆಸರು. 1781ರಲ್ಲಿ ಒಸಾಕಾದ ಇನಾಬಾ ತ್ಸೂರ್ಯೂ ಪ್ರಕಟಿಸಿದ ಸೋಕೆನ್ ಕಿಶೋ ಎಂಬ ಗ್ರಂಥದಲ್ಲಿ ನೆಟ್ಸುಕೆ ಕೆತ್ತುವವರ ಪಟ್ಟಿಯಿದ್ದು, ಕ್ಯೋಟೋದ ತೊಮೊತಾದನ ಎತ್ತುಗಳು ಎಷ್ಟು ಹೆಸರಾಗಿದ್ದವೆಂದರೆ ಅವುಗಳ ನಕಲುಗಳು ಆಗಲೇ ಹರಡಿದ್ದವೆಂದು ಅದು ದಾಖಲಿಸುತ್ತದೆ. ಆ ಎತ್ತುಗಳ ಮೈಮೇಲಿನ ರೋಮ ಸಣ್ಣ ಗೀರುಗಳ ಸಮೂಹ. ಗೀರುಗಳಿಗೆ ಕಪ್ಪು ಬಣ್ಣ ತುಂಬಿ, ಮೇಲ್ಮೈಯನ್ನು ಉಜ್ಜಿದಾಗ ಸ್ನಾಯುವಿನ ಉಬ್ಬು ಬೆಳ್ಳಗೆ ಹೊಳೆದು, ಕುಳಿಗಳಲ್ಲಿ ಮಾತ್ರ ಕೂದಲು ದಟ್ಟವಾಗಿ ಕಾಣುತ್ತಿತ್ತು. ನೆಟ್ಸುಕೆಗೆ ಪೀಠವಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿ ಮಲಗಿದ ಪ್ರಾಣಿಗೆ ತನ್ನ ದೇಹವೇ ಪೀಠವಾಗುತ್ತಿದ್ದುದರಿಂದ, ಶಿಲ್ಪಿ ಗೊರಸಿನ ಅಡಿಯನ್ನೂ ಬಿಡದೆ ಎಲ್ಲ ಬದಿಗಳನ್ನೂ ಕೆತ್ತಬೇಕಾಗುತ್ತಿತ್ತು.

ಯುರೋಪಿನಲ್ಲಿ ಕಿರುಬೊಂಬೆಯ ವ್ಯಾಪಾರ ನೆಲೆಗೊಂಡದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್ ಮತ್ತು ಅವನ ನಂತರ 1839ರಲ್ಲಿ ಉದ್ಯಮ ಆರಂಭಿಸಿದ ಅರ್ನ್ಸ್ಟ್ ಹೈನ್ರಿಚ್ಸನ್ ತಯಾರಿಸಿದ ತವರದ ಸೈನಿಕರು ಕಾಗದದಂತೆ ಚಪ್ಪಟೆಯಾಗಿದ್ದರು. ಎರಡು ಸ್ಲೇಟು ಕಲ್ಲಿನ ತುಂಡುಗಳಲ್ಲಿ ಆಕೃತಿಯನ್ನು ಒಳಮುಖವಾಗಿ ಕೊರೆದು, ಅವುಗಳನ್ನು ಜೋಡಿಸಿ ಕರಗಿದ ತವರವನ್ನು ಸುರಿಯುತ್ತಿದ್ದ ಈ ಪದ್ಧತಿಯಲ್ಲಿ ಕಲ್ಲಿನ ಗೀರು ಲೋಹದಲ್ಲಿ ಉಬ್ಬುಗೆರೆಯಾಗಿ ಬರುತ್ತಿದ್ದುದರಿಂದ, ಕರಡಿಯ ತೊಗಲಿನ ಎತ್ತರದ ಟೋಪಿಯಾಗಲಿ ಕುದುರೆಯ ಕೇಸರವಾಗಲಿ ಕೆಲವು ಸಮಾನಾಂತರ ಗೆರೆಗಳಲ್ಲೇ ಮುಗಿಯುತ್ತಿತ್ತು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ, ಅಚ್ಚಿಗೆ ಸುರಿದ ಸೀಸ ಹೊರಭಾಗದಲ್ಲಿ ಗಟ್ಟಿಯಾದೊಡನೆ ಉಳಿದದ್ದನ್ನು ಹೊರಗೆ ಚೆಲ್ಲಿ ಟೊಳ್ಳು ಬೊಂಬೆ ಮಾಡುವ ವಿಧಾನವನ್ನು ಬಳಕೆಗೆ ತಂದಿತು. 54 ಮಿಲಿಮೀಟರ್ ಎತ್ತರದ ಆ ಸೈನಿಕರೊಡನೆ ಮನೆಯ ನೆಲದ ಮೇಲೆ ಆಡುವ ಯುದ್ಧಕ್ಕೆ ಎಚ್. ಜಿ. ವೆಲ್ಸ್ 1913ರಲ್ಲಿ ಲಿಟಲ್ ವಾರ್ಸ್ ಎಂಬ ಪುಸ್ತಕದ ಮೂಲಕ ನಿಯಮಗಳನ್ನು ರೂಪಿಸಿದನು. ಈ ಇಡೀ ಅವಧಿಯಲ್ಲಿ ತುಪ್ಪಳದ ಹೊಣೆ ಬಣ್ಣದ್ದು, ಪೀಠದ ಹೊಣೆ ಬೊಂಬೆಯನ್ನು ಬೀಳದಂತೆ ನಿಲ್ಲಿಸುವುದು. ಹಸಿರು ಬಳಿದ ಒಂದು ಚಪ್ಪಟೆ ತುಂಡು ಹುಲ್ಲುಗಾವಲೂ ಹೌದು, ಯುದ್ಧಭೂಮಿಯೂ ಹೌದು.

ಕಲ್ಪನಾಲೋಕದ ಜೀವಿಗಳು ಮೇಜಿನ ಮೇಲೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ಚೈನ್‌ಮೇಲ್ ಎಂಬ ಮಧ್ಯಯುಗೀನ ಯುದ್ಧದ ಆಟಕ್ಕೆ ಡ್ರ್ಯಾಗನ್ ಮತ್ತು ಮಾಂತ್ರಿಕರ ಅನುಬಂಧವೊಂದಿತ್ತು. ಅದರಿಂದ ಬೆಳೆದು, ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೆಸರಿನಲ್ಲಿ 1974ರಲ್ಲಿ ಹೊರಬಂದದ್ದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆ ಹೊತ್ತಿಗೆ ಅಂಗಡಿಯಲ್ಲಿ ರೋಮನ್ ಸೈನಿಕನ ಬೊಂಬೆ ಸಿಗುತ್ತಿತ್ತೇ ಹೊರತು ರಾಕ್ಷಸರ ಬೊಂಬೆಗಳಿಗೆ ಬರವಿತ್ತು. ಆದ್ದರಿಂದ ಗೈಗಾಕ್ಸ್ ಹಾಂಗ್‌ಕಾಂಗಿನಲ್ಲಿ ತಯಾರಾಗಿ ಚೀಲಗಳಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದ್ದ ಪ್ಲಾಸ್ಟಿಕ್ ಆಟಿಕೆಗಳನ್ನು ಬಳಸಿದನು. ಇತಿಹಾಸಪೂರ್ವ ಪ್ರಾಣಿಗಳೆಂದು ಮಾರಾಟವಾದರೂ ಭೂಮಿಯ ಯಾವ ಪ್ರಾಣಿಯನ್ನೂ ಹೋಲದ ಆ ಆಟಿಕೆಗಳಲ್ಲಿ ಒಂದರಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1975ರ ಗ್ರೇಹಾಕ್ ಅನುಬಂಧದ ಗೂಬೆಕರಡಿ ಹುಟ್ಟಿತು. ಅರ್ಧ ಗೂಬೆ, ಅರ್ಧ ಕರಡಿಯಾದ ಈ ಜೀವಿಯ ಮೈಮೇಲೆ ಗರಿ ಎಲ್ಲಿ ಮುಗಿದು ತುಪ್ಪಳ ಎಲ್ಲಿ ಆರಂಭವಾಗುತ್ತದೆಂಬ ಪ್ರಶ್ನೆಗೆ ಯಾವ ಪ್ರಾಣಿಶಾಸ್ತ್ರದ ಗ್ರಂಥದಲ್ಲೂ ಉತ್ತರವಿರಲಿಲ್ಲ. ಉತ್ತರವನ್ನು ಮುಂದೆ ಶಿಲ್ಪಿಗಳೇ ಕಟ್ಟಿಕೊಡಬೇಕಾಯಿತು.

ಅವರಿಗೆ ಅದು ಸಾಧ್ಯವಾದದ್ದು ಕೊಳಾಯಿ ದುರಸ್ತಿಗೆಂದು ತಯಾರಾದ ಒಂದು ಪುಟ್ಟಿಯಿಂದ. ಹಳದಿಯ ರಾಳ ಮತ್ತು ನೀಲಿಯ ಗಟ್ಟಿಕಾರಕವನ್ನು ಪಟ್ಟಿಯ ರೂಪದಲ್ಲಿ ಅಕ್ಕಪಕ್ಕದಲ್ಲಿಟ್ಟು ಮಾರುವ ನೀಡಟೈಟ್ ಎಂಬ ಎಪಾಕ್ಸಿ ಪುಟ್ಟಿ, ಎರಡನ್ನೂ ಕೈಯಲ್ಲಿ ನಾದಿದಾಗ ಹಸಿರಾಗುತ್ತದೆ. ಕಸುಬಿನವರು ಅದನ್ನು ಗ್ರೀನ್ ಸ್ಟಫ್ ಎಂದೂ, ಅದರಲ್ಲಿ ಮಾಡಿದ ಮೂಲಶಿಲ್ಪವನ್ನು ಗ್ರೀನ್ ಎಂದೂ ಕರೆಯುತ್ತಾರೆ. ಸೋರುವ ನಲ್ಲಿಗೆ ನಮ್ಮ ಮನೆಗಳಲ್ಲಿ ಬಳಸುವ ಎಂ-ಸೀಲ್ ಇದೇ ಜಾತಿಯದು, ಆದರೆ ನೀಡಟೈಟಿನಲ್ಲಿರುವ ರಬ್ಬರಿನಂಥ ಜಿಗುಟು ಅದರಲ್ಲಿಲ್ಲ. 1975ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆರಂಭವಾದ ರಾಲ್ ಪಾರ್ಥಾ ಸಂಸ್ಥೆಯ ಶಿಲ್ಪಿ ಟಾಮ್ ಮೈಯರ್ ಈ ಪುಟ್ಟಿಯನ್ನು ಕಿರುಬೊಂಬೆಗೆ ಒಗ್ಗಿಸಿದ ಮೊದಲಿಗರಲ್ಲಿ ಒಬ್ಬ. ಮೇಣ ಉಗುರಿನ ಒತ್ತಡಕ್ಕೂ ಕೆಡುತ್ತದೆ, ಲೋಹವನ್ನು ಕೊರೆಯುವುದು ನಿಧಾನದ ಕೆಲಸ. ಪುಟ್ಟಿಯಾದರೋ ಒಂದು ಒಂದೂವರೆ ಗಂಟೆ ಹೇಳಿದಂತೆ ಕೇಳಿ, ಆಮೇಲೆ ಕ್ರಮೇಣ ಬಿಗಿದು, ಒಂದು ದಿನದೊಳಗೆ ಪೂರ್ತಿ ಗಟ್ಟಿಯಾಗುತ್ತದೆ. ಹಳದಿ ಹೆಚ್ಚಾದರೆ ಮೆತ್ತಗೆ, ನೀಲಿ ಹೆಚ್ಚಾದರೆ ಗಡುಸು; ಹೀಗಾಗಿ ತುಪ್ಪಳಕ್ಕೊಂದು ಹದ, ಕತ್ತಿಯ ಅಲುಗಿಗೊಂದು ಹದ.

ತುಪ್ಪಳದ ಕೆಲಸ ಅಸ್ಥಿಪಂಜರದಿಂದ ಆರಂಭವಾಗುತ್ತದೆ. ತಂತಿಯನ್ನು ಬಾಗಿಸಿ ಮಾಡಿದ ಎಲುಬಿನ ಮೇಲೆ ಸ್ನಾಯುಗಳನ್ನು ಕಟ್ಟಿ, ಅದು ಒಣಗಿದ ಮೇಲೆ ತೆಳುವಾದ ಎರಡನೆಯ ಪದರವನ್ನು ಹೊದಿಸಿದರೆ ಮಾತ್ರ ಕೂದಲಿನಡಿಯಲ್ಲಿ ದೇಹವೊಂದಿದೆ ಎಂಬ ಭಾವನೆ ಹುಟ್ಟುತ್ತದೆ. ಒಂದೇ ಮುದ್ದೆಯ ಮೇಲೆ ಗೀರು ಎಳೆದ ಕರಡಿ ಹುಲ್ಲಿನ ಮೆದೆಯಂತೆ ಕಾಣುತ್ತದೆ. ದಂತವೈದ್ಯರು ಮೇಣ ಕೆತ್ತಲು ಬಳಸುವ, ಒಂದು ತುದಿ ಎಲೆಯಂತೆಯೂ ಇನ್ನೊಂದು ತುದಿ ಚೂಪಾಗಿಯೂ ಇರುವ ಉಕ್ಕಿನ ಸಲಾಕೆ ಈ ಕಸುಬಿನ ಮುಖ್ಯ ಆಯುಧ. ಅದನ್ನು ನೀರಿನಲ್ಲೋ ವ್ಯಾಸಲೀನಿನಲ್ಲೋ ಅದ್ದಿ, ಮೊದಲು ದೊಡ್ಡ ಕುಚ್ಚುಗಳನ್ನು ಗುರುತಿಸಿ, ಬಳಿಕ ಪ್ರತಿ ಕುಚ್ಚನ್ನೂ ಬುಡದಿಂದ ತುದಿಗೆ ಎಳೆದು ಸೀಳುತ್ತಾರೆ. ಮಾಡಿಗೆ ಹೆಂಚು ಹೊದಿಸುವವರು ಸೂರಿನಿಂದ ಆರಂಭಿಸಿ ಮೇಲಕ್ಕೆ ಹೋಗುವಂತೆ, ಇಲ್ಲಿಯೂ ಕೆಲಸ ಬಾಲದಿಂದ, ಪಾದದಿಂದ ಆರಂಭವಾಗಿ ತಲೆಯ ಕಡೆಗೆ ಸಾಗುತ್ತದೆ, ಏಕೆಂದರೆ ಮೇಲಿನ ಕುಚ್ಚಿನ ತುದಿ ಕೆಳಗಿನದರ ಬುಡವನ್ನು ಮುಚ್ಚಬೇಕು. ಕೂದಲು ಮೂಗಿನಿಂದ ಹಿಂದಕ್ಕೆ ಹರಿದು, ಹುಬ್ಬಿನಲ್ಲಿ ಕವಲೊಡೆದು, ಮೊಣಕೈ ಮತ್ತು ಕತ್ತಿನ ಹಿಂಭಾಗದಲ್ಲಿ ಉದ್ದವಾಗಿ, ಮುಖದಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಒಳ್ಳೆಯ ಶಿಲ್ಪಿ ಎಲ್ಲ ಗೀರುಗಳನ್ನೂ ಒಂದೇ ಆಳಕ್ಕೆ ಎಳೆಯುವುದಿಲ್ಲ. ಹೊಟ್ಟೆಯ ಮಡಿಕೆಯಲ್ಲಿ ಆಳ, ಭುಜದ ಉಬ್ಬಿನಲ್ಲಿ ಮೇಲುಮೇಲಕ್ಕೆ, ಅಲ್ಲಲ್ಲಿ ಒಂದು ಕುಚ್ಚು ದಿಕ್ಕು ತಪ್ಪಿ. ತೊಮೊತಾದನ ಎತ್ತಿನ ಬೆನ್ನಿನಲ್ಲಿ ಕಂಡ ವಿವೇಕವೇ ಇದು, ಸಾಧನ ಮಾತ್ರ ಬೇರೆ.

ಈ ಶೈಲಿಗೆ ಅಚ್ಚಿನ ಒತ್ತಾಯವೂ ಇತ್ತು. ಒಣಗಿದ ಮೂಲಶಿಲ್ಪವನ್ನು ಹಸಿ ರಬ್ಬರಿನ ಎರಡು ದುಂಡು ಬಿಲ್ಲೆಗಳ ನಡುವೆ ಇಟ್ಟು, ಭಾರಿ ಒತ್ತಡದಲ್ಲಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುತ್ತಾರೆ. ಹಾಗೆ ದೊರೆತ ಅಚ್ಚನ್ನು ಬುಗುರಿಯಂತೆ ತಿರುಗಿಸುತ್ತ ನಡುವಿನ ರಂಧ್ರಕ್ಕೆ ಕರಗಿದ ಲೋಹ ಸುರಿದಾಗ, ಕೇಂದ್ರದಿಂದ ಹೊರಕ್ಕೆ ಚಿಮ್ಮುವ ಬಲ ಲೋಹವನ್ನು ಪ್ರತಿ ಗೀರಿಗೂ ನುಗ್ಗಿಸುತ್ತದೆ. ಈ ಬಲದಿಂದಾಗಿ, ಲೋಹ ತನ್ನ ಭಾರದಿಂದಷ್ಟೇ ಅಚ್ಚಿಗೆ ಇಳಿಯುವ ಎರಕದಲ್ಲಿ ಮಾಯವಾಗುತ್ತಿದ್ದ ಸೂಕ್ಷ್ಮಗಳು ಉಳಿದವು. ಆದರೆ ಕುಚ್ಚಿನ ತುದಿ ಮೈಯಿಂದ ಬೇರೆಯಾಗಿ ಕೊಕ್ಕೆಯಂತೆ ಮೇಲೆದ್ದರೆ ರಬ್ಬರ್ ಅಲ್ಲಿ ಸಿಕ್ಕಿಕೊಂಡು, ಕೆಲವೇ ಎರಕಗಳಲ್ಲಿ ಹರಿದುಹೋಗುತ್ತಿತ್ತು. ಆದ್ದರಿಂದ ಲೋಹದ ಬೊಂಬೆಗಳ ತುಪ್ಪಳ ಮೈಗಂಟಿಕೊಂಡ, ತುದಿ ಚೂಪಾದ, ಬುಡ ಅಗಲವಾದ ಎಸಳುಗಳ ರೂಪ ತಾಳಿತು. ಬಣ್ಣ ಬಳಿಯುವವರಿಗೂ ಇದೇ ಅನುಕೂಲವಾಯಿತು: ತೆಳುವಾದ ಗಾಢವರ್ಣ ಗೀರುಗಳಲ್ಲಿ ತಾನಾಗಿ ಇಳಿದು ನಿಲ್ಲುತ್ತಿತ್ತು, ಒರೆಸಿ ಒಣಗಿಸಿದ ಕುಂಚದಿಂದ ಸವರಿದ ತಿಳಿವರ್ಣ ಉಬ್ಬುಗಳಿಗಷ್ಟೇ ತಾಗುತ್ತಿತ್ತು.

ಈ ಕಸುಬು ಅತ್ಯಂತ ದಟ್ಟವಾಗಿ ಬೆಳೆದ ಪ್ರದೇಶ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ. 1979ರಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಆಟಗಳ ಸಂಸ್ಥೆಯ ಬೆಂಬಲದೊಡನೆ ಬ್ರಯನ್ ಆನ್ಸೆಲ್ ನ್ಯೂವಾರ್ಕ್ ಪಟ್ಟಣದಲ್ಲಿ ಸ್ಥಾಪಿಸಿದ ಸಿಟಡೆಲ್ ಮಿನಿಯೇಚರ್ಸ್, 1983ರ ವಾರ್‌ಹ್ಯಾಮರ್ ಆಟದ ನಂತರ ಬೇಗನೆ ಬೆಳೆಯಿತು. ಅಲ್ಲಿ ಪಳಗಿದವರು ಬೇರೆ ಬೇರೆ ಸಂಸ್ಥೆಗಳನ್ನು ಕಟ್ಟಿದ್ದರಿಂದ ಆ ಪ್ರದೇಶಕ್ಕೆ ಸೀಸದ ಪಟ್ಟಿ ಎಂಬ ಅರ್ಥದ ಲೆಡ್ ಬೆಲ್ಟ್ ಎಂಬ ಅಡ್ಡಹೆಸರೇ ಬಂತು. 1986ರಲ್ಲಿ ಶಿಲ್ಪಿ ಜೆಸ್ ಗುಡ್‌ವಿನ್ ರೂಪಿಸಿದ ಸ್ಕೇವನ್ ಎಂಬ ಇಲಿಮಾನವರು ತುಪ್ಪಳದ ಮಿತವಾದ ಬಳಕೆಗೆ ಉತ್ತಮ ನಿದರ್ಶನ: ದೇಹದ ಬಹುಭಾಗವನ್ನು ಚಿಂದಿ ಬಟ್ಟೆಗೂ ತುಕ್ಕು ಹಿಡಿದ ಕವಚಕ್ಕೂ ಬಿಟ್ಟು, ಬಾಲವನ್ನು ಬೋಳಾಗಿಸಿ, ತಲೆ ಮತ್ತು ತೋಳುಗಳಲ್ಲಷ್ಟೇ ಕೂದಲು ತೋರಿಸಿದ್ದರಿಂದ ಆ ಕೂದಲಿಗೆ ಬೆಲೆ ಬಂತು. ಮೈಯೆಲ್ಲ ತುಪ್ಪಳ ತುಂಬಿದ ಬೊಂಬೆಗಿಂತ ಇದು ಹೆಚ್ಚು ಪ್ರಾಣಿಯಾಗಿ ಕಾಣುತ್ತದೆ.

ಪೀಠದ ಚರಿತ್ರೆಯೂ ಇಲ್ಲೇ ತಿರುವು ಪಡೆಯಿತು. ಅದುವರೆಗೆ ಪೀಠ ಬೊಂಬೆಯೊಡನೆ ಒಂದೇ ಎರಕದಲ್ಲಿ ಬರುತ್ತಿದ್ದ ಲೋಹದ ಬಿಲ್ಲೆ. 1980ರ ದಶಕದ ನಡುವಿನಲ್ಲಿ ಸಿಟಡೆಲ್ ಬಳಕೆಗೆ ತಂದ ಸ್ಲಾಟಾ ಬೇಸ್ ಎಂಬುದು ನಡುವೆ ಸೀಳಿರುವ ಪ್ಲಾಸ್ಟಿಕ್ ಪೀಠ. ಬೊಂಬೆಯ ಪಾದಗಳಡಿ ಎರಕವಾದ ಪಟ್ಟಿಯನ್ನು ಆ ಸೀಳಿಗೆ ಸಿಕ್ಕಿಸಿ ಅಂಟಿಸಬೇಕು. ಲೋಹ ಉಳಿಯಿತು, ಪೀಠಗಳ ಅಳತೆ ಒಂದೇ ಆಯಿತು, ಮನುಷ್ಯರಿಗೆ 20 ಮಿಲಿಮೀಟರಿನ ಚೌಕ, ದೊಡ್ಡ ಜೀವಿಗಳಿಗೆ 25 ಅಥವಾ 40 ಎಂದು ಆಟದ ಲೆಕ್ಕವೂ ಸುಲಭವಾಯಿತು. ಶಿಲ್ಪಕ್ಕೆ ಮಾತ್ರ ಇದರಿಂದ ನಷ್ಟವೇ ಆಯಿತೆನ್ನಬೇಕು: ಎರಡೂ ಪಾದಗಳು ಒಂದೇ ನೇರಗೆರೆಯ ಮೇಲೆ ಇರಬೇಕಾದ್ದರಿಂದ, ಮುಂದಕ್ಕೆ ನೆಗೆಯುವ ಮೃಗವೂ ಹಗ್ಗದ ಮೇಲೆ ನಡೆಯುವವನಂತೆ ಕಾಲಿಡತೊಡಗಿತು.

ಇದಕ್ಕೆ ಮದ್ದು ಬಂದದ್ದು ಆಟದವರಿಂದಲ್ಲ, ಪ್ರದರ್ಶನದ ಮಾದರಿ ಮಾಡುವವರಿಂದ. ಅಮೆರಿಕದ ಶೆಪರ್ಡ್ ಪೇನ್ 1980ರಲ್ಲಿ ಡಯೊರಾಮಾ, ಅಂದರೆ ನೆಲ, ಗೋಡೆ, ಗಿಡಗಳೊಡನೆ ಒಂದು ದೃಶ್ಯವನ್ನು ಕಟ್ಟುವ ಕಲೆಯ ಬಗ್ಗೆ ಬರೆದ ಪುಸ್ತಕ, ದೃಶ್ಯದ ಕಥೆ ಮತ್ತು ಜೋಡಣೆಯನ್ನು ಮೊದಲು ಯೋಚಿಸಬೇಕೆಂದು ಒಂದು ಪೀಳಿಗೆಗೇ ಕಲಿಸಿತು. 1987ರಲ್ಲಿ ಆರಂಭವಾದ ಗೋಲ್ಡನ್ ಡೀಮನ್ ಎಂಬ ಬಣ್ಣಗಾರಿಕೆಯ ಸ್ಪರ್ಧೆ ಆ ಪಾಠವನ್ನು ಕಲ್ಪನಾಲೋಕದ ಬೊಂಬೆಗಳಿಗೂ ತಂದಿತು. ಅಂದಿನಿಂದ ನುರಿತ ಶಿಲ್ಪಿಗಳು ಪೀಠವನ್ನು ಕೊನೆಗೆ ಅಂಟಿಸುವ ವಸ್ತುವಾಗಿ ನೋಡುವುದನ್ನು ಬಿಟ್ಟು, ತಂತಿ ಬಾಗಿಸುವ ಮೊದಲೇ ಬಿರಡೆಯ ತೊಗಟೆಯ ತುಂಡಿನ ಮೇಲೆ ಪಾದಗಳ ಜಾಗ ಗುರುತಿಸತೊಡಗಿದರು. ಇಳಿಜಾರು ಯಾವ ಕಡೆಗಿದೆ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ ಎಂಬುದು ಗೊತ್ತಾಗದೆ ತುಪ್ಪಳದ ದಿಕ್ಕನ್ನು ನಿರ್ಧರಿಸಲಾಗದು. ಹಿಮದ ಬಂಡೆಯ ಮೇಲೆ ನಿಂತ ತೋಳಮಾನವನ ಕತ್ತಿನ ಕೂದಲು ಒಂದು ಬದಿಗೆ ಹಾರಬೇಕು, ಜೌಗಿನಲ್ಲಿ ನಿಂತವನ ಮೊಣಕಾಲಿನ ಕೆಳಗಿನ ಕೂದಲು ನೆಂದು ಅಂಟಿಕೊಳ್ಳಬೇಕು. ತುಪ್ಪಳ ಮತ್ತು ಪೀಠ ಒಂದೇ ಯೋಜನೆಯ ಎರಡು ತುದಿಗಳೆಂಬ ಈ ತಿಳಿವಳಿಕೆಯೇ ಕೈಕೆಲಸದ ಕಾಲದ ದೊಡ್ಡ ಗಳಿಕೆ.

1990ರ ದಶಕದಲ್ಲಿ ಸೀಸದ ವಿಷದ ಬಗೆಗಿನ ಕಳವಳದಿಂದ ತಯಾರಕರು ತವರ ಪ್ರಧಾನವಾದ ಮಿಶ್ರಲೋಹಕ್ಕೆ ಹೊರಳಿದರು. ಮುಂದಿನ ದಶಕಗಳಲ್ಲಿ ಉಕ್ಕಿನ ಅಚ್ಚಿನ ಪ್ಲಾಸ್ಟಿಕ್ ಮತ್ತು ಕಂಪ್ಯೂಟರಿನಲ್ಲಿ ರೂಪಿಸುವ ಶಿಲ್ಪ ಮುನ್ನೆಲೆಗೆ ಬಂದವು. ಉಕ್ಕು ರಬ್ಬರಿನಂತೆ ಬಾಗದಾದ್ದರಿಂದ ಬೊಂಬೆಯನ್ನು ಹಲವು ತುಂಡುಗಳಾಗಿ ಸೀಳಬೇಕಾಯಿತು, ಪ್ರತಿ ತುಂಡಿನ ಕುಚ್ಚುಗಳೂ ಅಚ್ಚು ಬಿಚ್ಚುವ ದಿಕ್ಕಿಗೇ ವಾಲಬೇಕಾಯಿತು. ರಾಳವನ್ನು ಪದರಪದರವಾಗಿ ಗಟ್ಟಿಗೊಳಿಸುವ ಮುದ್ರಣಯಂತ್ರಗಳಿಗೆ ಅಂಥ ಅಚ್ಚಿನ ಹಂಗಿಲ್ಲ. ಹಾಗಿದ್ದರೂ ಅವುಗಳಲ್ಲಿ ಮೂಡುವ ತುಪ್ಪಳ ಬಹುಪಾಲು ಹಳೆಯ ಎಸಳಿನ ರೂಪವನ್ನೇ ಅನುಸರಿಸುತ್ತಿದೆ. ರಬ್ಬರಿನ ಒತ್ತಾಯದಿಂದ ಹುಟ್ಟಿದ ರೂಪ ನೋಡುವವರ ಕಣ್ಣಿನಲ್ಲಿ ತುಪ್ಪಳದ ಅರ್ಥವಾಗಿಯೇ ನೆಲೆನಿಂತಿದೆ.

ಕೈಯಿಂದ ಮಾಡಿದ ಹಸಿರು ಮೂಲಶಿಲ್ಪಗಳಲ್ಲಿ ಅನೇಕವು ಮೊದಲ ಅಚ್ಚಿನ ಒತ್ತಡ ಮತ್ತು ಶಾಖದಲ್ಲೇ ಮುರಿದುಹೋದವು, ಉಳಿದವು ಎಲ್ಲೆಲ್ಲಿಗೋ ಚದುರಿದವು. ಸಲಾಕೆಯ ಒಂದೊಂದು ಎಳೆತವನ್ನೂ ಇಂದಿಗೆ ಉಳಿಸಿಕೊಟ್ಟಿರುವ ದಾಖಲೆಯೆಂದರೆ ಬಣ್ಣ ಕಾಣದ ಲೋಹದ ಪ್ರತಿಗಳು ಮಾತ್ರ, ಏಕೆಂದರೆ ಬಣ್ಣದ ಪದರ ಸೂಕ್ಷ್ಮವಾದ ಗೀರುಗಳನ್ನು ಮೊದಲು ಮುಚ್ಚುತ್ತದೆ. ಹಳೆಯ ಬೊಂಬೆಗಳನ್ನು ಸಂಗ್ರಹಿಸುವವರು ಪ್ರತಿಯೊಂದು ಮಾದರಿಯಲ್ಲೂ ಒಂದನ್ನಾದರೂ ಬಣ್ಣ ಬಳಿಯದೆ, ಅದರ ಮೂಲ ಪೀಠದೊಡನೆ, ಹಾಗೆಯೇ ಕಾಪಾಡಬೇಕು.