ಐದನೇ ಕಲಮಿನ ಜಾಡು

1999ರ ಮೇ ತಿಂಗಳಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ರೊಮೇನಿಯಾದಿಂದ ಬಂದು ಆಶ್ರಯ ಕೇಳಿದ್ದ ಒಬ್ಬನನ್ನು ಗಡೀಪಾರು ಮಾಡಲು ನ್ಯಾಯ ಮಂತ್ರಿ ಹೊರಡಿಸಿದ್ದ ಆದೇಶ ನಿಲ್ಲುವುದಿಲ್ಲ ಎಂದಿತು. ಆತನಿಗೆ ಆಶ್ರಯ ಕೊಡಲೇಬೇಕಿತ್ತು ಎಂದು ಕೋರ್ಟು ಹೇಳಲಿಲ್ಲ. ಕೋರ್ಟಿನ ಮಾತು ಬೇರೆಯೇ ಇತ್ತು. ಯಾರನ್ನು, ಯಾವ ಕಾರಣಕ್ಕೆ, ಯಾವ ತತ್ವದ ಮೇಲೆ ದೇಶದಿಂದ ಹೊರಹಾಕಬೇಕೆಂದು ಸಂಸತ್ತು ಎಲ್ಲಿಯೂ ಬರೆದಿಲ್ಲ. 1935ರ ವಿದೇಶೀಯರ ಕಾಯ್ದೆಯ ಐದನೇ ಕಲಮು ಅದನ್ನೆಲ್ಲ ಮಂತ್ರಿಗೇ ಬಿಟ್ಟಿದೆ. ಕಾನೂನು ಮಾಡುವ ಹೊಣೆಯನ್ನು ಸಂವಿಧಾನ ಸಂಸತ್ತಿಗೆ ವಹಿಸಿರುವಾಗ ಅದನ್ನು ಹೀಗೆ ಇನ್ನೊಬ್ಬರ ಕೈಗೆ ದಾಟಿಸಲಾಗದು. ಹೀಗೆ ಆ ಕಲಮಿನ ಗಡೀಪಾರಿನ ಉಪವಿಧಿ ಬಿದ್ದುಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಸವಿಗಳ ನಡುವಿನ ಅಂತರ. 1935ರಿಂದ 1999ಕ್ಕೆ 64 ವರ್ಷ. ತೀರ್ಪು ಬಂದಾಗ ಆ ಮಂತ್ರಿಯ ಇಲಾಖೆಯ ಅಧಿಕೃತ ಹೆಸರು ‘ನ್ಯಾಯ, ಸಮಾನತೆ ಮತ್ತು ಕಾನೂನು ಸುಧಾರಣೆ’. ಕಾನೂನು ಸುಧಾರಣೆಯನ್ನು ಹೆಸರಿನಲ್ಲೇ ಹೊತ್ತ ಇಲಾಖೆಯ ಮೇಜಿನ ಮೇಲೆ, ತತ್ವವೇ ಇಲ್ಲದ ಒಂದು ವಿಧಿ ಇಷ್ಟು ಕಾಲ ಹೇಗೆ ಉಳಿಯಿತು? ಈ ಒಂದು ಪ್ರಶ್ನೆ ಹಿಡಿದು ಹಳೆಯ ಕಾಯ್ದೆಗಳನ್ನೂ ತೀರ್ಪುಗಳನ್ನೂ ಡಾಯ್ಲ್ ಎಂಬ ಅವರ ಕೆಳಮನೆಯ ಚರ್ಚೆಗಳನ್ನೂ ಓದತೊಡಗಿದೆ. ಐರ್ಲೆಂಡಿನ ಕಾಯ್ದೆಗಳೂ ಸದನದ ಕಲಾಪಗಳೂ 1922ರಿಂದ ಅಂತರ್ಜಾಲದಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಕುಳಿತೇ ಬಹುದೂರ ಹೋಗಬಹುದು.

ಭಾರತದಲ್ಲಿ ಪೊಲೀಸರು ರಾಜ್ಯ ಸರ್ಕಾರದ ಕೈಯಲ್ಲಿ, ವೀಸಾ ಕೇಂದ್ರ ಗೃಹ ಇಲಾಖೆಯಲ್ಲಿ, ಕಾನೂನು ಆಯೋಗ ಕಾನೂನು ಇಲಾಖೆಯಲ್ಲಿ. ಐರ್ಲೆಂಡಿನಲ್ಲಿ ಪೊಲೀಸ್, ವೀಸಾ, ಕಾನೂನು ಸುಧಾರಣೆಯ ಬಹುಪಾಲು ಒಬ್ಬ ಮಂತ್ರಿಯ ಹೊಣೆ. 1922ರಲ್ಲಿ ಸ್ವತಂತ್ರ ರಾಜ್ಯ ಹುಟ್ಟಿದಾಗ ಅದು ಗೃಹ ಇಲಾಖೆ. 1924ರ ಮಂತ್ರಿಗಳ ಕಾಯ್ದೆ ಅದನ್ನು ನ್ಯಾಯ ಇಲಾಖೆಯಾಗಿಸಿತು. ಎರಡೂ ಹೆಸರಿನಡಿ ಮಂತ್ರಿಯಾಗಿದ್ದವನು ಕೆವಿನ್ ಒ’ಹಿಗಿನ್ಸ್. ಅಂತರ್ಯುದ್ಧದ ಬೆಂಕಿಯಲ್ಲಿ ಬೆಂದ ದೇಶಕ್ಕೆ ಬಂದೂಕಿಲ್ಲದ ಪೊಲೀಸ್ ಪಡೆ ಕಟ್ಟಿದ ಸರ್ಕಾರದ ಗಟ್ಟಿ ಮನುಷ್ಯ. 1927ರ ಜುಲೈ 10ರ ಭಾನುವಾರ ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ಆ ಪಡೆಯೇ ಗಾರ್ಡಾ ಶೀಖಾನಾ. ಸಮವಸ್ತ್ರದ ಗಾರ್ಡಾ ಇಂದಿಗೂ ಸಾಮಾನ್ಯವಾಗಿ ಬಂದೂಕು ಹಿಡಿಯುವುದಿಲ್ಲ.

ವಿದೇಶೀಯರ ನೋಂದಣಿಯೂ ದಶಕಗಳ ಕಾಲ ಗಾರ್ಡಾ ಕೆಲಸವೇ ಆಗಿತ್ತು. ಡಬ್ಲಿನ್ ಸೇರಿದ ಹಳಬ ಕನ್ನಡಿಗರನ್ನು ಕೇಳಿ, ‘ಜಿಎನ್‌ಐಬಿ ಕಾರ್ಡ್’ ಅನ್ನುತ್ತಾರೆ. ಗಾರ್ಡಾ ಪಡೆಯ ವಲಸೆ ವಿಭಾಗದ ಹೆಸರು ಅದು. ಈಗ ಐಆರ್‌ಪಿ ಕಾರ್ಡ್. ‘ಸ್ಟ್ಯಾಂಪ್ ಫೋರ್ ಆಯ್ತಾ?’ ಎಂಬ ಪ್ರಶ್ನೆ ಅಲ್ಲಿನ ನಮ್ಮ ನರ್ಸುಗಳ, ಸಾಫ್ಟ್‌ವೇರಿನವರ ಮನೆಗಳಲ್ಲಿ ಕುಶಲ ಸಮಾಚಾರದಷ್ಟೇ ಸಹಜ. ವಾಸದ ಅನುಮತಿಯ ಪ್ರತಿ ಸ್ಟ್ಯಾಂಪಿನ ಹಿಂದೆ ಇರುವುದು ಈ ಮಂತ್ರಿಯ ಅಧಿಕಾರ.

1935ರ ಕಾಯ್ದೆಯ ಮೂಲ ಹುಡುಕುತ್ತ ಹೋದರೆ ಲಂಡನ್ ತಲುಪುತ್ತೇವೆ. 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ವಿದೇಶೀಯರ ನಿರ್ಬಂಧ ಕಾಯ್ದೆ ಅಂಗೀಕಾರವಾಯಿತು. ಶತ್ರು ದೇಶದವರು ನಾಡಿನೊಳಗೆ ತಿರುಗಾಡುತ್ತಿರುವಾಗ ಸರ್ಕಾರಕ್ಕೆ ಕೈ ಬಿಚ್ಚಿ ಅಧಿಕಾರ ಕೊಡುವುದೇ ಅದರ ಉದ್ದೇಶ. ತತ್ವ ವಿಚಾರಿಸುವ ವ್ಯವಧಾನ ಆ ದಿನ ಯಾರಿಗೂ ಇರಲಿಲ್ಲ. ಯುದ್ಧ ಮುಗಿದ ಮೇಲೂ, 1919ರಲ್ಲಿ, ಅದನ್ನು ಮುಂದುವರಿಸಿದರು. ಸ್ವತಂತ್ರವಾದ ಐರ್ಲೆಂಡ್ 1935ರ ಏಪ್ರಿಲ್‌ನಲ್ಲಿ ಆ ಬ್ರಿಟಿಷ್ ಕಾಯ್ದೆಯನ್ನು ತೆಗೆದುಹಾಕಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆಗ ನ್ಯಾಯ ಮಂತ್ರಿ ಪಿ. ಜೆ. ರಟ್ಲೆಜ್. ಜೊತೆಯಲ್ಲೇ ಪೌರತ್ವ ಕಾಯ್ದೆಯೂ ಬಂತು. ಬ್ರಿಟಿಷ್ ಪ್ರಜೆ ಎಂಬ ಹಣೆಪಟ್ಟಿಯನ್ನು ಕಿತ್ತೊಗೆಯುವ ಆ ಕಾಯ್ದೆಗೆ ಇತಿಹಾಸದ ಪುಸ್ತಕಗಳಲ್ಲಿ ದೊಡ್ಡ ಜಾಗ ಸಿಕ್ಕಿದೆ. ಅದರ ಪಕ್ಕದಲ್ಲೇ ಹುಟ್ಟಿದ ವಿದೇಶೀಯರ ಕಾಯ್ದೆಯ ಒಳಗೆ ಯುದ್ಧಕಾಲದ ಬೀಸು ಅಧಿಕಾರ ಹಾಗೇ ಉಳಿದದ್ದನ್ನು ಗಮನಿಸಿದವರು ಕಡಿಮೆ. ವಸಾಹತಿನ ಆಡಳಿತವನ್ನು ಓಡಿಸಿದವರೂ ಅದರ ತುರ್ತು ಕಾನೂನನ್ನು ತಮ್ಮದಾಗಿಸಿಕೊಂಡರು. ಈ ಕತೆ ಭಾರತೀಯರಿಗೆ ಹೊಸದಲ್ಲ.

ನಮ್ಮದು 1946ರ ವಿದೇಶೀಯರ ಕಾಯ್ದೆ. ಸ್ವಾತಂತ್ರ್ಯದ ಹಿಂದಿನ ವರ್ಷ ಬಂದದ್ದು, ಮೂರನೇ ಕಲಮಿನಲ್ಲಿ ಅದೇ ಬಗೆಯ ‘ಸರ್ಕಾರ ಆದೇಶದ ಮೂಲಕ’ ಎಂಬ ಅಧಿಕಾರ. 1955ರಲ್ಲಿ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ವಿದೇಶೀಯನನ್ನು ಹೊರಹಾಕುವ ಸರ್ಕಾರದ ಈ ಅಧಿಕಾರಕ್ಕೆ ಮಿತಿಯಿಲ್ಲ ಎಂದಿತು. ಡಬ್ಲಿನ್ನಿನ ಕೋರ್ಟೂ 1999ರಲ್ಲಿ ಅಂಥ ಅಧಿಕಾರ ಪ್ರಭುತ್ವಕ್ಕಿದೆ ಎಂದು ಒಪ್ಪಿತು, ಆದರೆ ಅದನ್ನು ನಡೆಸುವ ನೀತಿ ಸಂಸತ್ತಿನಲ್ಲಿ ಹುಟ್ಟಬೇಕು ಎಂದಿತು. ಬ್ರಿಟಿಷ್ ಕಾನೂನಿನ ಒಂದೇ ಮನೆತನದಲ್ಲಿ ಹುಟ್ಟಿದ ಎರಡು ಕಾಯ್ದೆಗಳು, ಎರಡು ದಾರಿ. ಭಾರತದಲ್ಲಿ 1946ರ ಕಾಯ್ದೆ 2025ರ ಸೆಪ್ಟೆಂಬರ್ 1ರವರೆಗೂ ಬದುಕಿತ್ತು; ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಆದೇಶದ ಮೂಲಕ ನಿಯಂತ್ರಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ.

ತತ್ವವಿಲ್ಲದ ಅಧಿಕಾರ ಮನುಷ್ಯರ ಮೇಲೆ ಹೇಗೆ ಕೆಲಸ ಮಾಡಿತು ಎಂಬುದನ್ನು ನೋಡಬೇಕಾದರೆ 1930 ಮತ್ತು 40ರ ದಶಕಗಳ ದಾಖಲೆಗೆ ಬರಬೇಕು. ಇತಿಹಾಸಕಾರ ಡರ್ಮಟ್ ಕಿಯೋ ಆ ಕಾಲದ ಐರಿಶ್ ಯಹೂದಿಗಳ ಬಗ್ಗೆ ಬರೆದ, 1998ರಲ್ಲಿ ಪ್ರಕಟವಾದ ಗ್ರಂಥ ಈ ಕಡತಗಳ ನಡುವೆ ದಾರಿ ತೋರಿಸುತ್ತದೆ. ಹಿಟ್ಲರನ ಯುರೋಪಿನಿಂದ ತಪ್ಪಿಸಿಕೊಂಡು ಬರಲು ಹವಣಿಸುತ್ತಿದ್ದ ಯಹೂದಿಗಳ ಅರ್ಜಿಗಳಿಗೆ ನ್ಯಾಯ ಇಲಾಖೆಯ ಉತ್ತರ ಬಹುಪಾಲು ಇಲ್ಲವೆಂದೇ. ಅದೇ ಕಾಯ್ದೆಯಡಿ 1939ರ ಅಕ್ಟೋಬರಿನಲ್ಲಿ ಎರ್ವಿನ್ ಶ್ರೋಡಿಂಗರ್ ಡಬ್ಲಿನ್ನಿಗೆ ಬಂದಿಳಿದ. ಪ್ರಧಾನಿ ಡಿ ವಲೇರಾ ತಾನು ಕಟ್ಟುತ್ತಿದ್ದ ಸಂಶೋಧನಾ ಸಂಸ್ಥೆಗೆ ಆ ಭೌತವಿಜ್ಞಾನಿಯನ್ನು ಸ್ವತಃ ಕರೆಸಿಕೊಂಡಿದ್ದ. ಶ್ರೋಡಿಂಗರನಿಗೆ ಬಾಗಿಲು ತೆರೆದದ್ದು ಒಳ್ಳೆಯದೇ ಆಯಿತು. ಆದರೆ ಅದನ್ನು ತೆರೆದದ್ದು ಕಾನೂನಲ್ಲ, ದೊಡ್ಡವರ ಇಚ್ಛೆ. ಕರೆಯುವವರಿಲ್ಲದವರಿಗೆ ಅದೇ ಬಾಗಿಲು ಮುಚ್ಚಿತ್ತು.

ಇನ್ನೊಂದು ಕಡತ ಓದುವಾಗ ಮನಸ್ಸು ಕಲಕುತ್ತದೆ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬದುಕುಳಿದ ನೂರು ಯಹೂದಿ ಮಕ್ಕಳನ್ನು ವೆಸ್ಟ್‌ಮೀತ್ ಸೀಮೆಯ ಡೆಲ್ವಿನ್ ಊರಿನ ಕ್ಲೋನಿನ್ ಕೋಟೆಮನೆಯಲ್ಲಿ ಸ್ವಲ್ಪ ಕಾಲ ಇರಿಸಿಕೊಳ್ಳುತ್ತೇವೆ ಎಂದು ಲಂಡನ್ನಿನ ರಬ್ಬಿ ಸಾಲೊಮನ್ ಶೋನ್‌ಫೆಲ್ಡ್ ಅವರ ಕಡೆಯಿಂದ ಕೋರಿಕೆ ಬಂತು. ಆಗ ನ್ಯಾಯ ಮಂತ್ರಿ ಜೆರಾಲ್ಡ್ ಬೋಲಂಡ್. ಇಲಾಖೆ ನಿರಾಕರಿಸಿತು. ವಿಷಯ ಡಿ ವಲೇರಾವರೆಗೂ ಹೋಗಿ, ಮಕ್ಕಳು ಇಲ್ಲೇ ನೆಲೆಸಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. 1948ರಲ್ಲಿ ಚೆಕೊಸ್ಲೊವಾಕಿಯಾದಿಂದ ನೂರಕ್ಕೂ ಹೆಚ್ಚು ಮಕ್ಕಳು ಬಂದು, ಆಮೇಲೆ ಹೊರಟುಹೋದರು. 1953ರಲ್ಲಿ ಇಲಾಖೆಯ ಅಧಿಕಾರಿ ಪೀಟರ್ ಬೆರಿ ಬರೆದ ಟಿಪ್ಪಣಿಯೂ ಉಳಿದಿದೆ: ಯಹೂದಿಗಳು ಸುತ್ತಲಿನ ಸಮಾಜದಲ್ಲಿ ಬೆರೆಯುವುದಿಲ್ಲ, ಆದ್ದರಿಂದ ಅವರ ಪ್ರವೇಶವನ್ನು ಬಿಗಿಯಾಗಿ ಇಟ್ಟಿದ್ದೇವೆ ಎಂಬ ಧಾಟಿ. ಸಂಸತ್ತು ಬರೆಯದೆ ಬಿಟ್ಟ ನೀತಿಯನ್ನು ಇಲಾಖೆಯ ಕೊಠಡಿಯೊಂದರಲ್ಲಿ ಬರೆದಿದ್ದರು. ನಾನು ಹುಡುಕುತ್ತಿದ್ದ ಉತ್ತರದ ಮೊದಲ ಭಾಗ ಇದು. ಐದನೇ ಕಲಮು ಖಾಲಿಯಾಗಿರಲಿಲ್ಲ. ಅದರೊಳಗೆ ನೀತಿ ಇತ್ತು. ಯಾವ ಸದನವೂ ಅದನ್ನು ಚರ್ಚಿಸಿರಲಿಲ್ಲ, ಯಾವ ಮತದಾರನೂ ಓದಿರಲಿಲ್ಲ ಅಷ್ಟೆ.

ಅದೇ ಇಲಾಖೆ ಸುಧಾರಣೆಯಲ್ಲಿ ಸೋಮಾರಿಯಾಗಿತ್ತೆ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. 1961ರಲ್ಲಿ ನ್ಯಾಯ ಮಂತ್ರಿಯಾದ ಚಾರ್ಲ್ಸ್ ಹಾಹಿ ಮರುವರ್ಷವೇ ಕಾನೂನು ಸುಧಾರಣೆಯ ಕಾರ್ಯಕ್ರಮವೊಂದನ್ನು ಶ್ವೇತಪತ್ರವಾಗಿ ಹೊರತಂದ. 1964ರಲ್ಲಿ ಬಹುತೇಕ ಕೊಲೆಗಳಿಗೆ ಗಲ್ಲು ಶಿಕ್ಷೆ ಹೋಯಿತು. ಅವನು ಆರಂಭಿಸಿದ ಉತ್ತರಾಧಿಕಾರ ಕಾಯ್ದೆಯನ್ನು ಬ್ರಯನ್ ಲೆನಿಹನ್ 1965ರಲ್ಲಿ ಮುಗಿಸಿದ. ಗಂಡ ಉಯಿಲಿನಲ್ಲಿ ಏನೇ ಬರೆದಿರಲಿ, ವಿಧವೆಗೆ ಮಕ್ಕಳಿಲ್ಲದಿದ್ದರೆ ಆಸ್ತಿಯಲ್ಲಿ ಅರ್ಧ, ಇದ್ದರೆ ಮೂರನೇ ಒಂದು ಪಾಲು ಅವಳ ಹಕ್ಕು ಎಂದು ಅದು ಬರೆದುಕೊಟ್ಟಿತು. ಹೊಲ ಮನೆಗಳ ಆ ದೇಶದಲ್ಲಿ ಇದು ದೊಡ್ಡ ಮಾತು. 1975ರಲ್ಲಿ ಶಾಸನಬದ್ಧ ಕಾನೂನು ಸುಧಾರಣಾ ಆಯೋಗವೂ ಹುಟ್ಟಿತು.

ಆದರೆ ಇನ್ನೊಂದು ಪಟ್ಟಿಯೂ ಇದೆ, ಸುಧಾರಣೆ ಕಾದು ಕುಳಿತವರದು. 1861ರ ವಿಕ್ಟೋರಿಯಾ ಕಾಲದ ಕಾಯ್ದೆಯ ಸಲಿಂಗ ಸಂಬಂಧದ ಕಲಮುಗಳು 1993ರಲ್ಲಿ, ಮಂತ್ರಿ ಮಾಯ್ರ ಗೇಗನ್ ಕ್ವಿನ್ ಕಾಲದಲ್ಲಿ ತೊಲಗಿದವು. ಡೇವಿಡ್ ನಾರಿಸ್ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ನ್ಯಾಯಾಲಯದಲ್ಲಿ 1988ರಲ್ಲೇ ಗೆದ್ದಿದ್ದರೂ ಐದು ವರ್ಷ ಹಿಡಿಯಿತು. ಅದೇ 1861ರ ಕಾಯ್ದೆಯ 58 ಮತ್ತು 59ನೇ ಕಲಮುಗಳು ಗರ್ಭಪಾತವನ್ನು ಅಪರಾಧವೆನ್ನುತ್ತಿದ್ದವು. 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ, ಗರ್ಭಪಾತದ ಕೋರಿಕೆಗೆ ಇಲ್ಲವೆನ್ನಿಸಿಕೊಂಡ ಬೆಳಗಾವಿಯ ಸವಿತಾ ಹಾಲಪ್ಪನವರ್ ತೀರಿಕೊಂಡರು. ಮರುವರ್ಷ ಆ ಎರಡು ಕಲಮುಗಳು ರದ್ದಾದವು, 2018ರ ಮೇ 25ರ ಜನಮತದಲ್ಲಿ ಸಂವಿಧಾನದ ನಿಷೇಧವೇ ಹೋಯಿತು. ಆ ಬದಲಾವಣೆಯನ್ನು ಸದನಕ್ಕೆ ತಂದದ್ದು ಆರೋಗ್ಯ ಮಂತ್ರಿ. ಆದರೂ ಅಪರಾಧ ಕಾನೂನಿನ ಆ ಹಾಳೆ 152 ವರ್ಷ ಕದಲದೆ ಇದ್ದದ್ದನ್ನು ನೆನೆದರೆ ಕನ್ನಡಿಗಳಾಗಿ ನನಗೆ ಈ ಹುಡುಕಾಟ ಬರೀ ಪರದೇಶದ ಕತೆಯಾಗಿ ಉಳಿಯುವುದಿಲ್ಲ.

ಇಲ್ಲಿ ನನಗೆ ಉತ್ತರದ ಎರಡನೇ ಭಾಗ ಕಂಡಿತು. ವಿಧವೆಯರಿಗೆ ಮತವಿತ್ತು, ರೈತರಿಗೆ ಶಾಸಕರಿದ್ದರು. ಗಡೀಪಾರಾಗುವವನಿಗೆ ಆ ಸದನದಲ್ಲಿ ಯಾರೂ ಇರಲಿಲ್ಲ. ಅವನ ಕಾನೂನನ್ನು ಸುಧಾರಿಸದೆ ಇದ್ದರೆ ಯಾವ ಮಂತ್ರಿಯೂ ಚುನಾವಣೆ ಸೋಲುವುದಿಲ್ಲ. ಸುಧಾರಿಸಿದರೆ ಕಳೆದುಕೊಳ್ಳುವುದು ಆ ಮಂತ್ರಿಯದೇ ಅಧಿಕಾರ. ಅದಕ್ಕೇ ಕೆಲಸ ಕೋರ್ಟಿನ ಪಾಲಿಗೆ ಬಂತು.

ಪೊಲೀಸ್ ವಿಷಯದಲ್ಲೂ ಹೀಗೇ. 1982ರಲ್ಲಿ ಮಂತ್ರಿ ಶಾನ್ ಡೊಹರ್ಟಿ ಇಬ್ಬರು ಪತ್ರಕರ್ತರಾದ ಜೆರಲ್ಡೀನ್ ಕೆನಡಿ ಮತ್ತು ಬ್ರೂಸ್ ಆರ್ನಲ್ಡ್ ಅವರ ಫೋನುಗಳನ್ನು ಕದ್ದಾಲಿಸಲು ಅನುಮತಿ ಕೊಟ್ಟ. 1987ರಲ್ಲಿ ಹೈಕೋರ್ಟು ಅವರಿಗೆ ಪರಿಹಾರ ಕೊಡಿಸಿ ಖಾಸಗಿತನದ ಹಕ್ಕನ್ನು ಎತ್ತಿಹಿಡಿಯಿತು. ಕದ್ದಾಲಿಕೆಗೆ ಕಟ್ಟುಪಾಡು ಹಾಕುವ ಕಾಯ್ದೆ 1993ರಲ್ಲಿ ಬಂತು. ಡೊನಿಗಾಲ್ ಗಾರ್ಡಾ ಹಗರಣಗಳ ಮೇಲೆ ಮಾರಿಸ್ ಆಯೋಗ ಕೂತ ಮೇಲೆ, 2005ರಲ್ಲಿ, ಪೊಲೀಸರ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆಗೆ ಕಾನೂನಾಯಿತು.

1999ಕ್ಕೆ ಮರಳುತ್ತೇನೆ, ಏಕೆಂದರೆ ಈ ಜಾಡಿನಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಹಾಳೆ ಇರುವುದು ಅಲ್ಲಿ. ತೀರ್ಪು ಬಂದ ಎರಡೇ ತಿಂಗಳೊಳಗೆ ಮಂತ್ರಿ ಜಾನ್ ಒ’ಡೊನಹ್ಯೂ ವಲಸೆ ಕಾಯ್ದೆಯನ್ನು ಅಂಗೀಕಾರ ಮಾಡಿಸಿದ. ಅದರ ಮೂರನೇ ಕಲಮು ಗಡೀಪಾರು ಮಾಡಬಹುದಾದವರು ಯಾರು ಎಂದು ಬರೆಯುತ್ತದೆ. ಪ್ರಸ್ತಾವವನ್ನು ಲಿಖಿತವಾಗಿ ತಿಳಿಸಬೇಕು, ಉತ್ತರ ಕೊಡಲು 15 ಕೆಲಸದ ದಿನ ಬಿಡಬೇಕು. ಆಮೇಲೆ ಮಂತ್ರಿ ತೂಗಿ ನೋಡಬೇಕಾದ 11 ವಿಷಯಗಳು: ಆ ವ್ಯಕ್ತಿಯ ವಯಸ್ಸು, ದೇಶದಲ್ಲಿ ಇದ್ದ ಅವಧಿ, ಕುಟುಂಬದ ಸ್ಥಿತಿ, ದೇಶದೊಂದಿಗಿನ ನಂಟು, ಮಾಡಿದ ಕೆಲಸ, ಮುಂದೆ ಕೆಲಸ ಸಿಗುವ ಸಾಧ್ಯತೆ, ನಡತೆ, ಮಾನವೀಯ ಕಾರಣಗಳು, ಅವರು ಹೇಳಿಕೊಂಡದ್ದು, ಸಾರ್ವಜನಿಕ ಹಿತ, ದೇಶದ ಭದ್ರತೆ. ಕೊನೆಯ ತೀರ್ಮಾನ ಈಗಲೂ ಮಂತ್ರಿಯದೇ. ಆದರೆ ನಿರಾಕರಣೆಯ ಪತ್ರ ಕೈಗೆ ಬಂದಾಗ ವಕೀಲ ಬೆರಳಿಟ್ಟು ಕೇಳಬಹುದು: ಈ ಮಗುವಿನ ಶಾಲೆಯನ್ನು ನೋಡಿದಿರಾ? 1946ರಲ್ಲಿ ಹಾಗೆ ಕೇಳಲು ಬೆರಳಿಡುವ ಜಾಗವೇ ಇರಲಿಲ್ಲ.

ಇತಿಹಾಸ ನೆಟ್ಟಗೆ ಮೇಲೇರಿತು ಎಂದು ಬರೆಯಲು ದಾಖಲೆ ಬಿಡುವುದಿಲ್ಲ. 2003ರ ಜನವರಿಯಲ್ಲಿ ನ್ಯಾಯ ಮಂತ್ರಿ ಮೈಕೆಲ್ ಮೆಕ್‌ಡೊವೆಲ್ ಹತ್ಯಾಕಾಂಡದ ಸ್ಮರಣೆಯ ದಿನ ಎದ್ದು ನಿಂತು, ಯುದ್ಧಕಾಲದಲ್ಲಿ ಯಹೂದಿಗಳ ವಿಷಯದಲ್ಲಿ ಪ್ರಭುತ್ವ ನಡೆದುಕೊಂಡ ರೀತಿಗೆ ಕ್ಷಮೆ ಕೇಳಿದರು. ಅಂಥ ಮಾತು ಆ ಕುರ್ಚಿಯಿಂದ ಬರಬೇಕಿತ್ತು, ಬಂತು. ಮರುವರ್ಷ, 2004ರ ಜೂನ್ 11ರ ಜನಮತದಲ್ಲಿ, ಐರ್ಲೆಂಡಿನ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ಸಂವಿಧಾನದ ಹಕ್ಕನ್ನು ಶೇ. 79 ಮತದೊಂದಿಗೆ ತೆಗೆದುಹಾಕಿದ್ದೂ ಅದೇ ಮಂತ್ರಿಯ ಪ್ರಸ್ತಾವ. 2022ರಲ್ಲಿ ನ್ಯಾಯ ಮಂತ್ರಿ ಹೆಲೆನ್ ಮೆಕೆಂಟಿ ಕಾಗದಪತ್ರವಿಲ್ಲದೆ ನಾಲ್ಕು ವರ್ಷ ಬದುಕಿದವರಿಗೆ, ಮಕ್ಕಳಿದ್ದರೆ ಮೂರು ವರ್ಷಕ್ಕೇ, ಸಕ್ರಮಗೊಳ್ಳುವ ಯೋಜನೆ ತಂದರು.

2025ರಲ್ಲಿ ಇಲಾಖೆಗೆ ನ್ಯಾಯ, ಗೃಹ ವ್ಯವಹಾರ ಮತ್ತು ವಲಸೆ ಎಂಬ ಹೊಸ ಹೆಸರು ಬಂತು. ಮಂತ್ರಿ ಜಿಮ್ ಒ’ಕ್ಯಾಲಹನ್. ಆ ಜುಲೈ 19ರಂದು ಡಬ್ಲಿನ್ನಿನ ಟಾಲಾದಲ್ಲಿ ಒಬ್ಬ ಭಾರತೀಯನನ್ನು ಗುಂಪೊಂದು ಹೊಡೆದು ರಕ್ತಸಿಕ್ತ ಮಾಡಿತು. ಇನ್ನಷ್ಟು ಹಲ್ಲೆಗಳ ಸುದ್ದಿ ಬಂದು, ಆಗಸ್ಟ್ 1ರಂದು ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆಯಿಂದಿರಲು ಪ್ರಕಟಣೆ ಹೊರಡಿಸಿತು. ಆ ಕೆಲವು ವಾರ ಡಬ್ಲಿನ್ನಿನ ಭಾರತೀಯ ಮನೆಗಳು ಮೂರು ವಿಷಯಕ್ಕೂ ಒಬ್ಬ ಮಂತ್ರಿಯ ಕಡೆಗೇ ನೋಡಬೇಕಿತ್ತು: ಸ್ಟ್ಯಾಂಪ್ ಅವರದು, ಗಾರ್ಡಾ ಅವರ ಹೊಣೆ, 2024ರ ಕೊನೆಯ ದಿನ ಜಾರಿಗೆ ಬಂದ ದ್ವೇಷಾಪರಾಧಗಳ ಕಾಯ್ದೆಯೂ ಅವರ ಇಲಾಖೆಯದು. ಇಷ್ಟೆಲ್ಲ ಒಂದೇ ಮೇಜಿನಲ್ಲಿರುವುದು ಅಪಾಯವೆಂದು ಹಳೆಯ ಕಡತಗಳು ಹೇಳುತ್ತವೆ. ಹೊಣೆ ಯಾರದೆಂದು ಕೇಳುವವನಿಗೆ ಅದೇ ಅನುಕೂಲವೂ ಹೌದು, ಕಾನೂನಿನಲ್ಲಿ ಬೆರಳಿಡುವ ಜಾಗ ಇರುವ ತನಕ.

ನನ್ನ ಹುಡುಕಾಟ ಒಂದು ಕಡೆ ನಿಂತಿದೆ. ಆ 11 ವಿಷಯಗಳ ಪಟ್ಟಿಯನ್ನು ಬರೆದವರು ಯಾರು, ಯಾವುದನ್ನು ಸೇರಿಸಿ ಯಾವುದನ್ನು ಬಿಟ್ಟರು ಎಂಬುದು 1999ರ ಕಡತಗಳಲ್ಲಿರಬೇಕು. 1986ರ ರಾಷ್ಟ್ರೀಯ ಪತ್ರಾಗಾರ ಕಾಯ್ದೆಯ 30 ವರ್ಷಗಳ ಲೆಕ್ಕದಲ್ಲಿ ಅವು ಡಬ್ಲಿನ್ನಿನ ಬಿಷಪ್ ಸ್ಟ್ರೀಟಿನ ಓದುಕೋಣೆಗೆ ಬರುವುದು 2030ರ ಹೊತ್ತಿಗೆ. ಇಲಾಖೆ ತಡೆಹಿಡಿಯದಿದ್ದರೆ ಮೊದಲು ಕೇಳಬೇಕಾದದ್ದು ಆ ಪಟ್ಟಿಯ ಕರಡುಗಳನ್ನು.