ಒಂದೇ ಪರದೆ, ಇಬ್ಬರು ಆಟಗಾರರು: ‘ಕಾಂಟ್ರಾ’ ವಿಡಿಯೋ ಗೇಮ್‌ನ ಗುಣದೋಷ ವಿವೇಚನೆ

ಪೀಠಿಕೆ

ಜಪಾನಿನ ಕೊನಾಮಿ ಸಂಸ್ಥೆ ‘ಕಾಂಟ್ರಾ’ವನ್ನು 1987ರಲ್ಲಿ ಆರ್ಕೇಡ್ ಯಂತ್ರಕ್ಕೂ 1988ರಲ್ಲಿ ಮನೆಯ ಟಿವಿಗೆ ಜೋಡಿಸುವ ಫ್ಯಾಮಿಕಾಮ್‌ಗೂ ಹೊರತಂದಿತು. 1990ರ ದಶಕದಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಅದು ಬಂದದ್ದು ಫ್ಯಾಮಿಕಾಮ್‌ನ ನಕಲು ಯಂತ್ರಗಳ ಮೂಲಕ, ಒಂದೇ ಕ್ಯಾಸೆಟ್ಟಿನಲ್ಲಿ ತುಂಬಿದ ಹತ್ತಾರು ಆಟಗಳಲ್ಲಿ ಒಂದಾಗಿ. ಅತ್ತ ಅರಬ್ಬಿ ಸಮುದ್ರ, ಇತ್ತ ಪಂಚಗಂಗಾವಳಿಯ ಹಿನ್ನೀರು ಇರುವ ಕುಂದಾಪುರದ ಕೋಡಿಯಲ್ಲಿ, ಟಿವಿ ಇದ್ದ ಮನೆಯೊಂದರ ಚಾವಡಿಯಲ್ಲಿ ನಾನು ಅದನ್ನು ಮೊದಲು ಕಂಡೆ. ಕೈಪಿಡಿ ಇರಲಿಲ್ಲ, ಕತೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಆಟ ಅರ್ಥವಾಯಿತು. ಅದು ಹೇಗೆ ಸಾಧ್ಯವಾಯಿತು ಎಂದು ಕೇಳಿಕೊಂಡರೆ ಈ ಆಟದ ಶಕ್ತಿ ಮತ್ತು ದೌರ್ಬಲ್ಯಗಳ ಬೇರು ಒಂದೇ ಎಂಬುದು ತಿಳಿಯುತ್ತದೆ. ಎಲ್ಲವನ್ನೂ ಮಾತಿಲ್ಲದೆ, ಒಂದೇ ಪರದೆಯೊಳಗೆ ಹೇಳಬೇಕಾದ ಮಿತಿಯೇ ಆ ಬೇರು.

ಮಾತಿಲ್ಲದ ಪಾಠ

ಮೊದಲ ಹಂತದ ಕಾಡಿನಲ್ಲಿ ಶತ್ರುಗಳು ಎದುರಿನಿಂದ ಓಡಿಬರುತ್ತಾರೆ. ಸುಡಬೇಕೆಂದು ಕೈಗೆ ತಾನಾಗಿ ಹೊಳೆಯುತ್ತದೆ. ಸೇತುವೆ ಕಾಲಡಿಯಲ್ಲೇ ಸಿಡಿಯುತ್ತದೆ. ನಿಂತರೆ ಕೆಟ್ಟೆವೆಂದು ತಿಳಿಯುತ್ತದೆ. ಎಂಟು ದಿಕ್ಕಿಗೆ ಗುಂಡು, ನೆಲಕ್ಕೆ ಒರಗುವುದು, ಲಾಗ ಹಾಕಿ ಜಿಗಿಯುವುದು, ಇಷ್ಟೇ ಅದರ ವ್ಯಾಕರಣ. ಒಂದೇ ಪೆಟ್ಟಿಗೆ ಸಾವು. ಆದರೆ ಒತ್ತಿದ ಗುಂಡಿಗೆ ಆಳು ತಕ್ಷಣ ಓಗೊಡುವುದರಿಂದ ತಪ್ಪು ಯಾರದೆಂಬ ಅನುಮಾನ ಉಳಿಯುವುದಿಲ್ಲ. ಎಂಟು ಹಂತಗಳಲ್ಲಿ ನೋಟವೂ ಬದಲಾಗುತ್ತದೆ: ಕಾಡಿನಲ್ಲಿ ಪಕ್ಕದಿಂದ, ಶತ್ರು ನೆಲೆಯೊಳಗೆ ಬೆನ್ನ ಹಿಂದಿನಿಂದ, ಜಲಪಾತದಲ್ಲಿ ಕೆಳಗಿನಿಂದ ಮೇಲಕ್ಕೆ.

ಜಲಪಾತದ ಜೊತೆಗಾರಿಕೆ

ಇಬ್ಬರು ಏಕಕಾಲಕ್ಕೆ ಆಡಬಹುದಾದದ್ದು ‘ಕಾಂಟ್ರಾ’ದ ಬಹುದೊಡ್ಡ ಗುಣ. ಜಲಪಾತದಲ್ಲಿ ಒಬ್ಬ ಅವಸರದಿಂದ ಮೇಲೇರಿದರೆ ಪರದೆಯೂ ಮೇಲೇರುತ್ತದೆ. ಹಿಂದೆ ಉಳಿದವನ ಕಾಲಡಿಯ ಬಂಡೆ ಮರೆಯಾಗಿ ಅವನು ಸಾಯುತ್ತಾನೆ. “ನಿಲ್ಲ್ ಮಾರಾಯ, ನಾ ಬತ್ತೆ” ಎಂಬ ಕೂಗು ಏಳುತ್ತಿದ್ದದ್ದು ಇಲ್ಲಿಯೇ. ಪಾತಿ ದೋಣಿಯಲ್ಲಿ ಒಬ್ಬ ಹುಟ್ಟು ಹಾಕುವಾಗ ಬಲೆ ಬಿಡುವ ಇನ್ನೊಬ್ಬನ ತೂಕವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಈ ಆಟವೂ ಅದನ್ನೇ ಕಲಿಸಿತು. ಯಂತ್ರದ ಮಿತಿಯಿಂದ ಬಂದ ಒಂದೇ ಪರದೆ ಕಾಯುವ ಸಂಯಮವನ್ನು ಹುಟ್ಟಿಸಿತು.

ಮೂರು ಲೈಫನ್ನು ಮೂವತ್ತಾಗಿಸುವ ಗುಟ್ಟೂ ಬಾಯಿಂದ ಬಾಯಿಗೆ ಹರಡಿತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕಝುಹಿಸಾ ಹಶಿಮೊಟೊ ಎಂಬ ತಂತ್ರಜ್ಞ 1986ರಲ್ಲಿ ‘ಗ್ರಾಡಿಯಸ್’ ಆಟವನ್ನು ಪರೀಕ್ಷಿಸಲು ಮಾಡಿಕೊಂಡ ಗುಂಡಿಗಳ ಕ್ರಮವಿದು. ಈ ಗುಟ್ಟಿಲ್ಲದೆ ಹೊಸಬರು ಕೊನೆ ಮುಟ್ಟುವುದು ಬಹಳ ಕಷ್ಟವಾಗಿತ್ತೆಂಬುದನ್ನು ದೋಷವೆಂದೇ ಎಣಿಸಬೇಕು.

ದೋಷಗಳು

ಆಯುಧಗಳಲ್ಲಿ ಸಮತೋಲನವಿಲ್ಲ. ಬೀಸಣಿಗೆಯಂತೆ ಹರಡುವ ‘ಎಸ್’ ಗನ್ ಸಿಕ್ಕಿದವರಿಗೆ ಬೇರೆ ಯಾವುದೂ ಬೇಡ. ಲೇಸರ್ ಬಲವಾದದ್ದು, ಆದರೆ ಗುಂಡಿಯನ್ನು ಮತ್ತೆ ಒತ್ತಿದರೆ ಹೊರಟ ಕಿರಣವೇ ಅಳಿದು ಹೊಸದಾಗಿ ಶುರುವಾಗುತ್ತದೆ. ಸತ್ತೊಡನೆ ಆಯುಧವೂ ಹೋಗುವುದರಿಂದ ಸೋತವನಿಗೇ ಮುಂದಿನ ದಾರಿ ಇನ್ನಷ್ಟು ಕಠಿಣ. ಒಂದು ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಣುಕುಗಳನ್ನು ಫ್ಯಾಮಿಕಾಮ್ ತೋರಿಸಲಾರದು. ಹೀಗಾಗಿ ಗದ್ದಲ ಹೆಚ್ಚಿದಾಗ ಗುಂಡುಗಳು ಮಿಣುಕಿ ಮರೆಯಾಗುತ್ತವೆ. ಎರಡು ನೆಲೆಗಳ ಹಂತಗಳು ಒಂದನ್ನೊಂದು ಬಹುಪಾಲು ಹೋಲುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ವೈಜ್ಞಾನಿಕ ಕಲ್ಪನೆಯದು. ಜಪಾನೀ ಕತೆ ನಡೆಯುವುದು 2633ರಲ್ಲಿ, ಗಲುಗಾ ದ್ವೀಪಗಳಲ್ಲಿ. ಅಮೆರಿಕದ ಕೈಪಿಡಿ ಅದನ್ನು ವರ್ತಮಾನ ಕಾಲದ ದಕ್ಷಿಣ ಅಮೆರಿಕಕ್ಕೆ ಒಯ್ದಿತು. 1990ರಲ್ಲಿ ಯುರೋಪಿನ ‘ಪ್ರೊಬೊಟೆಕ್ಟರ್’ ಆವೃತ್ತಿಯಲ್ಲಿ ನಾಯಕರೇ ರೋಬೋಟ್‌ಗಳಾದರು. ಕಾಲ, ದೇಶ, ನಾಯಕ ಎಲ್ಲ ಬದಲಾದರೂ ಆಡುವ ಆಟ ಕದಲಲಿಲ್ಲ. ಹಾಗಾದರೆ ಇಲ್ಲಿ ವಿಜ್ಞಾನ ತೊಡಿಸಿದ ವೇಷ ಮಾತ್ರ. ಶತ್ರುವಾಗಿ ಬರುವ ಅನ್ಯಗ್ರಹದ ಜೀವಿಗೆ ಏನು ಬೇಕು, ಅದು ಏಕೆ ಬಂದಿತು ಎಂದು ಆಟ ಕೇಳುವುದಿಲ್ಲ. ಕೊನೆಯ ಹಂತದಲ್ಲಿ ಅದರ ಹೃದಯವನ್ನು ಒಡೆದು ಮುಗಿಸುತ್ತದೆ.

ಸಮಾರೋಪ

ಕತೆ ತಿಳಿಯದ ಕೋಡಿಯ ಮಕ್ಕಳು ಆಟದಲ್ಲಿ ಏನನ್ನಾದರೂ ಕಳೆದುಕೊಂಡರೇ? ಕತೆ ಆಟದೊಳಗೆ ಬೆಸೆದುಕೊಂಡಿರಲಿಲ್ಲವಾದ್ದರಿಂದ ಅವರು ಆಡಿದ್ದು ಪೂರ್ಣ ‘ಕಾಂಟ್ರಾ’ವನ್ನೇ. ಅದನ್ನು ವೈಜ್ಞಾನಿಕ ಕಥನವೆಂದು ತೂಗಿದರೆ ತೂಕ ಕಡಿಮೆ. ಜಲಪಾತದ ಕೆಳಗಿನ ಬಂಡೆಯಲ್ಲಿ ಸಿಕ್ಕಿಕೊಂಡ ಗೆಳೆಯನಿಗಾಗಿ ನಿಲ್ಲುವುದನ್ನು ಕಲಿಸಿದ ಆಟವೆಂದು ನೋಡಿದರೆ, ಅದರ ಗುಣ ಇಂದಿಗೂ ಮಾಸಿಲ್ಲ.